ಲೈನ್ ಎಳೆಯೋ ಹಕ್ಕು ಯಾರದ್ದು? ದಕ್ಷಿಣ ಆಫ್ರಿಕಾದ ಕಂಪನಿಗಳು ಫೋನಿಗೂ ನೆಟ್ಟಿಗೂ ಪಟ್ಟ ಪಾಡು

ದಕ್ಷಿಣ ಆಫ್ರಿಕಾದಲ್ಲಿ ಇಲಾನ್ ಮಸ್ಕ್ ಅವರ ಉಪಗ್ರಹ ಇಂಟರ್ನೆಟ್ ಸೇವೆಯಾದ ಸ್ಟಾರ್‌ಲಿಂಕ್‌ಗೆ ಲೈಸೆನ್ಸ್ ಕೊಡಬೇಕೋ ಬೇಡವೋ ಎಂಬ ವಾದ ಕೆಲವು ವರ್ಷಗಳಿಂದ ನಡೆಯುತ್ತಲೇ ಇದೆ. ಅಲ್ಲಿನ ನಿಯಮದಂತೆ, ಟೆಲಿಕಾಂ ಲೈಸೆನ್ಸ್ ಬೇಕಾದರೆ ಕಂಪನಿಯ ಶೇ 30ರಷ್ಟು ಒಡೆತನ ವರ್ಣಭೇದದ ಕಾಲದಲ್ಲಿ ಅವಕಾಶ ಕಳೆದುಕೊಂಡ ಸಮುದಾಯಗಳ ಕೈಯಲ್ಲಿರಬೇಕು. ಷೇರು ಕೊಡುವ ಬದಲು ದೇಶದೊಳಗೆ ಬೇರೆ ರೀತಿ ಹೂಡಿಕೆ ಮಾಡಿದರೂ ನಡೆಯುತ್ತದೆ ಎನ್ನುವ ಕರಡು ನೀತಿಯನ್ನು 2025ರ ಮೇ ತಿಂಗಳಲ್ಲಿ ಸಂಪರ್ಕ ಸಚಿವ ಸಾಲಿ ಮಲಾಟ್ಸಿ ಹೊರಡಿಸಿದರು. ಗದ್ದಲ ಇನ್ನೂ ಜಾಸ್ತಿಯಾಯಿತು.

ದೂರದಿಂದ ನೋಡುವವರಿಗೆ ಇದು ಒಬ್ಬ ಶ್ರೀಮಂತನಿಗೂ ಒಂದು ಸರ್ಕಾರಕ್ಕೂ ನಡುವಿನ ಕಿತ್ತಾಟ ಅನ್ನಿಸಬಹುದು. ಅಲ್ಲಿ ಕಂಪನಿ ನಡೆಸುವವರಿಗೆ ಮಾತ್ರ ಇದು ಹಳೇ ಕಥೆ. ಲೈನ್ ಎಳೆಯಲು ಯಾರಿಗೆ ಅನುಮತಿ ಇದೆ? ಅನುಮತಿ ಸಿಗುವವರೆಗೆ ಉಳಿದವರು ಏನು ಮಾಡಬೇಕು? ಸುಮಾರು 30 ವರ್ಷಗಳಿಂದ ಅವರ ಫೋನ್ ಬಿಲ್ಲನ್ನು ಬರೆದದ್ದು ಇವೆರಡೇ ಪ್ರಶ್ನೆಗಳು.

ವರ್ಣಭೇದದ ಕಾಲದಲ್ಲಿ ಅಂಚೆಯೂ ಫೋನೂ ಒಂದೇ ಸರ್ಕಾರಿ ಇಲಾಖೆಯಲ್ಲಿದ್ದವು, ತಂತಿ ಬಿಳಿಯರ ಬಡಾವಣೆಗೆ ದಟ್ಟವಾಗಿ ಹೋಯಿತು, ಕಪ್ಪು ಜನರನ್ನು ಬೇರೆಯಾಗಿ ಇರಿಸಿದ್ದ ಟೌನ್‌ಶಿಪ್‌ಗೆ ಹೆಸರಿಗೆ ಮಾತ್ರ ಹೋಯಿತು. 1991ರಲ್ಲಿ ಫೋನ್ ವಿಭಾಗ ಬೇರೆಯಾಗಿ ಟೆಲ್ಕಾಂ ಕಂಪನಿಯಾಯಿತು. 1994ರಲ್ಲಿ ವೋಡಾಕಾಂ ಮತ್ತು ಎಂಟಿಎನ್ ಮೊಬೈಲ್ ಸೇವೆ ಶುರುಮಾಡಿದವು. 2001ರಲ್ಲಿ ಸೆಲ್ ಸಿ ಸೇರಿತು.

ಗಂಟು ಬಿದ್ದದ್ದು 1996ರ ಟೆಲಿಕಾಂ ಕಾಯ್ದೆಯ ಆಸುಪಾಸಿನಲ್ಲಿ. ಆಗಿನ ಯೋಚನೆ ತಪ್ಪು ಅಂತ ಹೇಳಲು ನನಗೆ ಮನಸ್ಸಿಲ್ಲ. ಲಕ್ಷಾಂತರ ಮನೆಗಳಿಗೆ ಫೋನೇ ಇರಲಿಲ್ಲ. ಅಲ್ಲಿಗೆ ಲೈನ್ ಎಳೆಯಲು ದುಡ್ಡು ಬೇಕು. ಸ್ಪರ್ಧೆ ಇದ್ದರೆ ಲಾಭ ಬರುವ ಊರುಗಳನ್ನೇ ಎಲ್ಲರೂ ಹಿಡಿದುಕೊಳ್ಳುತ್ತಾರೆ ಎಂಬ ಭಯವಿತ್ತು. ಹಾಗಾಗಿ ಟೆಲ್ಕಾಂಗೆ 1997ರಿಂದ ಐದು ವರ್ಷ ಏಕಸ್ವಾಮ್ಯ ಕೊಟ್ಟರು. ಬದಲಿಗೆ ಸುಮಾರು 27 ಲಕ್ಷ ಹೊಸ ಲೈನ್ ಎಳೆಯಬೇಕು ಎಂಬ ಷರತ್ತು. ಶೇ 30ರಷ್ಟು ಷೇರನ್ನು ಅಮೆರಿಕದ ಎಸ್‌ಬಿಸಿ ಮತ್ತು ಟೆಲಿಕಾಂ ಮಲೇಷ್ಯಾ ಸೇರಿ ಕೊಂಡವು. ಲೈನ್‌ಗಳು ಬಂದವು ನಿಜ. ಆದರೆ ತಿಂಗಳ ಬಾಡಿಗೆ ಕಟ್ಟಲಾಗದೆ ಎಷ್ಟೋ ಮನೆಗಳಲ್ಲಿ ಬಂದಷ್ಟೇ ಬೇಗ ಕಟ್ ಆದವು. ಅಷ್ಟರಲ್ಲಿ ಆ ಮನೆಗಳವರ ಜೇಬಿಗೆ ಪ್ರೀಪೇಯ್ಡ್ ಮೊಬೈಲ್ ಬಂದಿತ್ತು.

ಏಕಸ್ವಾಮ್ಯ ಕಾಗದದ ಮೇಲೆ ಮುಗಿದದ್ದು 2002ರ ಮೇ ತಿಂಗಳಲ್ಲಿ. ಎರಡನೇ ಕಂಪನಿಗೆ ಲೈಸೆನ್ಸ್ ಸಿಕ್ಕಿದ್ದು 2005ರ ಡಿಸೆಂಬರ್‌ನಲ್ಲಿ. ಮಧ್ಯದ ಮೂರೂವರೆ ವರ್ಷ? ಕಾನೂನಿನಲ್ಲಿ ಸ್ಪರ್ಧೆಗೆ ಜಾಗವಿತ್ತು, ಊರಿನಲ್ಲಿ ಇದ್ದದ್ದು ಒಂದೇ ಅಂಗಡಿ. ಆ ಎರಡನೇ ಕಂಪನಿಯೇ ನಿಯೋಟೆಲ್. ಅದರಲ್ಲಿ ನಮ್ಮ ಟಾಟಾದವರದ್ದೂ ಪಾಲಿತ್ತು. ಭಾರತದಿಂದ ಅಲ್ಲಿಗೆ ಹೋದ ನನ್ನಂಥ ನೆಟ್‌ವರ್ಕ್ ಕೆಲಸದವರು ಆ ಹೆಸರನ್ನು ಬಹಳ ಆಸೆಯಿಂದ ನೋಡುತ್ತಿದ್ದೆವು.

ನಾನು ಜೋಹಾನ್ಸ್‌ಬರ್ಗ್ ಪಕ್ಕದ ಮಿಡ್ರ್ಯಾಂಡ್‌ನಲ್ಲಿ ಸಾಮಾನು ಸಾಗಿಸುವ ಒಂದು ಕಂಪನಿಯ ಕೆಲಸಕ್ಕೆ ಹೋದದ್ದು 2007ರಲ್ಲಿ. ಮೊದಲ ದಿನ ಅವರು ಪಿಎಬಿಎಕ್ಸ್ ಕೋಣೆ ತೋರಿಸಿದರು. ನಮ್ಮಲ್ಲಿ ಇಪಿಎಬಿಎಕ್ಸ್ ಅಂತೀವಲ್ಲ, ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್, ಅದೇ. ಅದರ ಪಕ್ಕದ ಗೋಡೆಗೆ ಒಂದು ಕಪ್ಪು ಡಬ್ಬಿ ಸ್ಕ್ರೂ ಹಾಕಿ ಕೂರಿಸಿದ್ದರು. ಮೇಲೆ ನಾಲ್ಕು ಪುಟ್ಟ ಆಂಟೆನಾ. ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ಮೊಬೈಲ್ ಸಿಮ್‌ಗಳು. ಪ್ರತಿ ಸಿಮ್ ಮುಂದೆ ಬಿಳಿ ಟೇಪ್ ಅಂಟಿಸಿ, ಯಾವ ನೆಟ್‌ವರ್ಕ್, ಈ ತಿಂಗಳು ಎಷ್ಟು ನಿಮಿಷ ಉಳಿದಿದೆ ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದರು. ಆಫೀಸಿನ ಫೋನ್‌ಗೆ ಸಿಮ್ ಯಾಕೆ ಅಂತ ನನಗೆ ಅರ್ಥವೇ ಆಗಲಿಲ್ಲ.

ಅದರ ಹೆಸರು ಲೀಸ್ಟ್ ಕಾಸ್ಟ್ ರೂಟಿಂಗ್, ಅಂದರೆ ಕರೆಗೆ ಅಗ್ಗದ ದಾರಿ ಹುಡುಕುವುದು. ಎಲ್‌ಸಿಆರ್ ಅಂತ ಎಲ್ಲರೂ ಕರೆಯುತ್ತಿದ್ದರು. ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡಿದ ಕರೆ ದುಬಾರಿ. ಯಾಕೆಂದರೆ ಕರೆಯನ್ನು ಕೊನೆಗೆ ಮುಟ್ಟಿಸುವ ಮೊಬೈಲ್ ನೆಟ್‌ವರ್ಕ್‌ಗೆ ಕರೆ ಕಳಿಸಿದವರು ಒಂದು ದರ ಕೊಡಬೇಕು. ಜನ ಜಾಸ್ತಿ ಮಾತಾಡುವ ಹೊತ್ತಿನಲ್ಲಿ ಅದೇ ನಿಮಿಷಕ್ಕೆ ಅಲ್ಲಿನ ಹಣದಲ್ಲಿ 1.25 ರ‍್ಯಾಂಡ್ ಇತ್ತು. ಒಂದೇ ನೆಟ್‌ವರ್ಕ್‌ನ ಮೊಬೈಲ್‌ನಿಂದ ಮೊಬೈಲ್‌ಗೆ ಮಾಡಿದರೆ ಆ ದರ ಇಲ್ಲ, ಮೇಲೆ ಬಂಡಲ್‌ನಲ್ಲಿ ನಿಮಿಷಗಳೂ ಅಗ್ಗಕ್ಕೆ ಸಿಗುತ್ತಿದ್ದವು. ಹಾಗಾಗಿ ಯಾರೋ ಮೇಜಿನ ಫೋನಿನಿಂದ ಡ್ರೈವರ್‌ಗೆ ನಂಬರ್ ಒತ್ತಿದರೆ, ಡಬ್ಬಿ ಮೊದಲ ಮೂರು ಅಂಕಿ ನೋಡುತ್ತಿತ್ತು. 082 ಇದ್ದರೆ ವೋಡಾಕಾಂ ಸಿಮ್. 083 ಇದ್ದರೆ ಎಂಟಿಎನ್. 084 ಅಂದರೆ ಸೆಲ್ ಸಿ. ಮಾತಾಡುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ಸಿಮ್ ಕೆಟ್ಟರೆ ಕರೆಗಳು ಸದ್ದಿಲ್ಲದೆ ಲ್ಯಾಂಡ್‌ಲೈನ್‌ಗೆ ಹೊರಳುತ್ತಿದ್ದವು. ಅದು ತಿಳಿಯುತ್ತಿದ್ದದ್ದು ತಿಂಗಳ ಕೊನೆಯ ಬಿಲ್ ಕೈಗೆ ಬಂದಾಗ.

ಆ ಡಬ್ಬಿ ಮಾರಿಯೇ ಬದುಕಿದ ಕಂಪನಿಗಳು ಎಷ್ಟೋ ಇದ್ದವು. ಬಾಡಿಗೆ ಕರಾರು, ರಿಪೇರಿ, ತಿಂಗಳ ಲೆಕ್ಕಪತ್ರ, ಎಲ್ಲಾ ಸೇರಿ ಅದೇ ಒಂದು ವ್ಯಾಪಾರ. ಅಷ್ಟೆಲ್ಲಾ ಬುದ್ಧಿ, ಅಷ್ಟೆಲ್ಲಾ ದುಡ್ಡು ಖರ್ಚಾದದ್ದು ಒಂದು ದರಪಟ್ಟಿಯಿಂದ ತಪ್ಪಿಸಿಕೊಳ್ಳಲು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. 2006ರ ನವೆಂಬರ್‌ನಿಂದ ನಂಬರ್ ಬದಲಿಸದೆ ನೆಟ್‌ವರ್ಕ್ ಬದಲಿಸುವ ಸೌಲಭ್ಯ ಬಂದ ಮೇಲೆ, 082 ನೋಡಿ ವೋಡಾಕಾಂ ಅನ್ನುವ ಲೆಕ್ಕ ತಪ್ಪತೊಡಗಿತು. 2010ರ ಮಾರ್ಚ್‌ನಲ್ಲಿ ಆ ದರ 89 ಸೆಂಟ್‌ಗೆ ಇಳಿಯಿತು. ಮುಂದೆ ಇನ್ನೂ ಇಳಿಯಿತು. ಡಬ್ಬಿಯ ಕೆಲಸ ಮುಗಿಯಿತು.

ಮಾತಿನ ಕಥೆ ಹೀಗಾದರೆ, ಡೇಟಾದ್ದು ಇನ್ನೂ ಬಿಗಿ. ಕಂಪನಿಗಳಿಗೆ ಇಂಟರ್ನೆಟ್ ಸೇವೆ ಕೊಡುವವರು ನೂರಾರು ಮಂದಿ ಇದ್ದರು. ಆದರೆ ಅವರ್ಯಾರೂ ಸ್ವಂತ ತಂತಿ ಹಾಕುವಂತಿರಲಿಲ್ಲ. ಟೆಲ್ಕಾಂನಿಂದಲೇ ಲೈನ್ ಬಾಡಿಗೆಗೆ ಪಡೆಯಬೇಕು. ಅದೇ ಕಂಪನಿ ಅವರ ಗಿರಾಕಿಗಳಿಗೆ ತಾನೂ ಇಂಟರ್ನೆಟ್ ಮಾರುತ್ತಿತ್ತು. ಎದುರಾಳಿಯಿಂದಲೇ ಸಾಮಾನು ಕೊಂಡು ಅವನ ಜೊತೆಯೇ ಪೈಪೋಟಿ ಮಾಡುವುದು ಎಷ್ಟು ಕಷ್ಟ, ಅಲ್ವಾ? ದೂರು 2002ರಲ್ಲೇ ಹೋಯಿತು. ಸ್ಪರ್ಧಾ ನ್ಯಾಯಮಂಡಳಿ ಟೆಲ್ಕಾಂಗೆ 44.9 ಕೋಟಿ ರ‍್ಯಾಂಡ್ ದಂಡ ಹಾಕಿದ್ದು 2012ರಲ್ಲಿ. ದೂರಿಗೂ ತೀರ್ಪಿಗೂ ನಡುವೆ ಹತ್ತು ವರ್ಷ. ಅಷ್ಟು ವರ್ಷ ಕಾಯುವ ಶಕ್ತಿ ಸಣ್ಣ ಕಂಪನಿಗೆ ಎಲ್ಲಿಂದ ಬರಬೇಕು?

ದೊಡ್ಡ ಕಂಪನಿಗಳು ಡಿಜಿನೆಟ್ ಎಂಬ, ತಮಗೆ ಮಾತ್ರ ಮೀಸಲಾದ ಲೀಸ್ಡ್ ಲೈನ್ ಹಾಕಿಸಿಕೊಳ್ಳುತ್ತಿದ್ದವು. ಒಂದು ಶಾಖೆಗೆ 64 ಕೆಬಿಪಿಎಸ್ ಬಂದರೂ ಅದಕ್ಕೆ ಲೆಕ್ಕ ಹಾಕಿ ಕೆಲಸ ಹಂಚುತ್ತಿದ್ದೆವು. ಸ್ಟಾಕ್ ಲೆಕ್ಕ ಹಗಲು ಹೋಗಬೇಕು, ದೊಡ್ಡ ಫೈಲ್ ಎಲ್ಲಾ ರಾತ್ರಿ. ಸಣ್ಣವರಿಗೆ ಫೋನ್ ತಂತಿಯಲ್ಲೇ ಇಂಟರ್ನೆಟ್ ಕೊಡುವ ಎಡಿಎಸ್ಎಲ್ ಬಂದದ್ದು 2002ರಲ್ಲಿ. ವೇಗ 512 ಕೆಬಿಪಿಎಸ್, ತಿಂಗಳಿಗೆ 3 ಜಿಬಿ ಮಿತಿ. ಫೋನ್ ಮಾಡದಿದ್ದರೂ ಫೋನ್ ಲೈನಿನ ಬಾಡಿಗೆ ಬೇರೆ. ಇಂಟರ್ನೆಟ್ ಮೂಲಕ ಮಾತಾಡುವ ಸೇವೆ ಮಾರಲು ಉಳಿದವರಿಗೆ ಅನುಮತಿ ಸಿಕ್ಕಿದ್ದು 2005ರ ಫೆಬ್ರವರಿಯಲ್ಲಿ. ಆಗಲೂ ಸ್ವಂತ ತಂತಿ ಎಳೆಯಬಹುದೋ ಇಲ್ವೋ ಎಂಬುದು ಸ್ಪಷ್ಟವಾಗಲಿಲ್ಲ.

ಸ್ಪಷ್ಟ ಮಾಡಿದ್ದು ಕೋರ್ಟು. 2008ರ ಆಗಸ್ಟ್‌ನಲ್ಲಿ ಆಲ್ಟೆಕ್ ಎಂಬ ಕಂಪನಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಡೆನಿಸ್ ಡೇವಿಸ್, ಈ ಸೇವಾದಾರರಿಗೂ ತಮ್ಮದೇ ಜಾಲ ಕಟ್ಟುವ ಹಕ್ಕಿದೆ ಎಂದರು. ಒಂದೇ ತೀರ್ಪಿನಿಂದ ನೂರಾರು ಸಂಸ್ಥೆಗಳಿಗೆ ದಾರಿ ತೆರೆಯಿತು. ನಾನು ಆಗ ಅಲ್ಲೇ ಇದ್ದೆ. ಆ ವಾರ ಆಫೀಸಿಗೆ ಬಂದ ಸೇಲ್ಸ್‌ನವರ ಮಾತಿನ ಧಾಟಿಯೇ ಬದಲಾಗಿತ್ತು. ಅದುವರೆಗೆ 'ಲೈನ್ ಬಂದ ಮೇಲೆ ಹೇಳ್ತೀವಿ' ಅನ್ನುತ್ತಿದ್ದವರು 'ನಿಮ್ಮ ರಸ್ತೆಯನ್ನು ಯಾವಾಗ ಅಗೀಬೇಕು' ಅಂತ ಕೇಳತೊಡಗಿದರು.

ದೇಶದಿಂದ ದೇಶಕ್ಕೆ ಇಂಟರ್ನೆಟ್ ಹೊರುವ ಸಮುದ್ರದ ಕೇಬಲ್‌ನದ್ದೂ ಹೀಗೇ. 2002ರ ಹೊತ್ತಿಗೆ ಬಂದ ಸ್ಯಾಟ್-3 ಮತ್ತು ಸೇಫ್ ಕೇಬಲ್‌ಗಳಲ್ಲಿ ಎರಡನೆಯದು ಮಾರಿಷಸ್ ದಾಟಿ ನಮ್ಮ ಕೊಚ್ಚಿಗೇ ಬರುತ್ತದೆ. ಆದರೆ ದಕ್ಷಿಣ ಆಫ್ರಿಕಾ ತುದಿಯ ಬಾಗಿಲು ಎಷ್ಟೋ ವರ್ಷ ಒಂದೇ ಕೈಯಲ್ಲಿತ್ತು. 2009ರ ಜುಲೈನಲ್ಲಿ ಸೀಕಾಂ ಎಂಬ ಖಾಸಗಿ ಕೇಬಲ್ ಚಾಲೂ ಆಯಿತು. ಆಮೇಲೆ ಈಸಿ, ವಾಕ್ಸ್ ಬಂದವು. ದಂಡೆಯವರೆಗೆ ವೇಗ ಬಂತು, ದಂಡೆಯಿಂದ ಆಫೀಸಿಗೆ ಇನ್ನೂ ಹಳೇ ತಾಮ್ರದ ತಂತಿಯೇ.

ಆ ವರ್ಷವೇ ಸೆಪ್ಟೆಂಬರ್‌ನಲ್ಲಿ ಪಾರಿವಾಳದ ಪಂದ್ಯ ನಡೆದದ್ದು. ಡರ್ಬನ್ ಕಡೆಯ ಒಂದು ಕಂಪನಿಯವರು ರೋಸಿಹೋಗಿ, ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಜಿಬಿ ಮೆಮೊರಿ ಕಾರ್ಡ್ ಕಟ್ಟಿ ಹೋವಿಕ್‌ನಿಂದ ಹಿಲ್‌ಕ್ರೆಸ್ಟ್‌ಗೆ ಹಾರಿಸಿದರು. ಸುಮಾರು 80 ಕಿಲೋಮೀಟರ್. ಅದೇ ಹೊತ್ತಿಗೆ ಎಡಿಎಸ್ಎಲ್‌ನಲ್ಲೂ ಅದೇ ಡೇಟಾ ಬಿಟ್ಟರು. ಪಾರಿವಾಳ ಒಂದು ಗಂಟೆ ಚಿಲ್ಲರೆಯಲ್ಲಿ ಗೂಡು ಸೇರಿತು. ಕಾರ್ಡ್‌ನಿಂದ ಕಂಪ್ಯೂಟರ್‌ಗೆ ಇಳಿಸಿದ ಹೊತ್ತೂ ಸೇರಿ ಎರಡು ಗಂಟೆ ಏಳು ನಿಮಿಷ ಹತ್ತಿರ. ಅಷ್ಟರಲ್ಲಿ ತಂತಿಯಲ್ಲಿ ಹೋಗಿದ್ದು ಶೇ 4. ಜಗತ್ತು ನಕ್ಕಿತು. ಅಲ್ಲಿ ಕೆಲಸ ಮಾಡಿದವರಿಗೆ ನಗು ಬರಲಿಲ್ಲ.

ಆ ತಾಮ್ರದ ತಂತಿಯನ್ನು ಎಲ್ಲಾ ಕಂಪನಿಗಳಿಗೂ ಬಳಸಲು ಬಿಡಬೇಕು ಎಂದು 2007ರಲ್ಲೇ ಶಿಲಿಡ್ಜಿ ಮರ್ವಾಲಾ ಅಧ್ಯಕ್ಷತೆಯ ಸಮಿತಿ ಹೇಳಿತ್ತು. 2011ರ ಗಡುವು ಸುಮ್ನೆ ಕಳೆದುಹೋಯಿತು. ಕೊನೆಗೆ ಆ ಪ್ರಶ್ನೆಗೇ ಬೆಲೆ ಇಲ್ಲದಾಯಿತು. 2014ರಲ್ಲಿ ಜೋಹಾನ್ಸ್‌ಬರ್ಗ್‌ನ ಪಾರ್ಕ್‌ಹರ್ಸ್ಟ್ ಬಡಾವಣೆಯ ಜನ ಒಟ್ಟಾಗಿ ವುಮಾಟೆಲ್‌ನಿಂದ ಫೈಬರ್ ಹಾಕಿಸಿಕೊಂಡರು. ಅಲ್ಲಿಂದ ಮುಂದೆ ಉಳ್ಳವರ ಬಡಾವಣೆಗಳ ಫುಟ್‌ಪಾತ್‌ಗಳೆಲ್ಲ ಅಗೆದುಹೋದವು. ಮೈಕ್ರೋಸಾಫ್ಟ್ 2019ರಲ್ಲಿ, ಅಮೆಜಾನ್ 2020ರಲ್ಲಿ ದೇಶದೊಳಗೇ ಕ್ಲೌಡ್ ಕೇಂದ್ರ ತೆರೆದವು. ಪಿಎಬಿಎಕ್ಸ್ ಕೋಣೆಗಳು ಸ್ಟೇಷನರಿ ಇಡುವ ಕೋಣೆಗಳಾದವು.

ತಂತಿ ಬಂದ ಹೊತ್ತಿಗೆ ಕರೆಂಟ್ ಹೋಯಿತು. ಲೋಡ್ ಶೆಡ್ಡಿಂಗ್ ಏನು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅದಕ್ಕೆ ಸ್ಟೇಜ್‌ಗಳಿವೆ. ಸ್ಟೇಜ್ 6 ಅಂದರೆ 6,000 ಮೆಗಾವ್ಯಾಟ್ ಕಡಿತ. 2023ರಲ್ಲಿ ಕಡಿತ ಇಲ್ಲದ ದಿನಗಳೇ ಕಮ್ಮಿ. ಟವರ್‌ನ ಬ್ಯಾಟರಿ ಪೂರ್ತಿ ತುಂಬುವ ಮೊದಲೇ ಮುಂದಿನ ಸರದಿ ಬರುತ್ತಿತ್ತು. ಆ ಬ್ಯಾಟರಿಗಳನ್ನೂ ಕದಿಯುತ್ತಿದ್ದರು. ಕಂಪನಿಗಳ ಐಟಿ ಬಜೆಟ್‌ನಲ್ಲಿ ಡೀಸೆಲ್, ಇನ್ವರ್ಟರ್, ಲಿಥಿಯಂ ಬ್ಯಾಟರಿ ಸೇರಿಕೊಂಡವು. 2024ರ ಮಾರ್ಚ್ ಕೊನೆಯಿಂದ ತಿಂಗಳುಗಟ್ಟಲೆ ಕಡಿತ ನಿಂತಿತು. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 14ರಂದು, ಐವರಿ ಕೋಸ್ಟ್ ಬಳಿ ಸಮುದ್ರದಡಿ ವಾಕ್ಸ್, ಸ್ಯಾಟ್-3 ಸೇರಿ ನಾಲ್ಕು ಕೇಬಲ್ ಕೆಟ್ಟವು. ಕೆಂಪು ಸಮುದ್ರದಲ್ಲಿ ಸೀಕಾಂ ಫೆಬ್ರವರಿಯಲ್ಲೇ ತುಂಡಾಗಿತ್ತು. ಆದರೂ ದೇಶ ಪೂರ್ತಿ ಕತ್ತಲಾಗಲಿಲ್ಲ. ಗೂಗಲ್‌ನ ಇಕ್ವಿಯಾನೋ ಕೇಬಲ್ ಹೊರೆ ಹೊತ್ತಿತು. ಒಂದೇ ಬಾಗಿಲಿನ ಕಾಲದಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಭಯವಾಗುತ್ತದೆ.

ಈಗ ಸ್ಟಾರ್‌ಲಿಂಕ್ ವಿಷಯಕ್ಕೆ ಬರೋಣ. ಶೇ 30ರ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಟೌನ್‌ಶಿಪ್‌ಗೆ ತಂತಿ ಹೋಗದ ಆ ದಶಕಗಳ ಗಾಯದಿಂದ ಹುಟ್ಟಿದ್ದು. ಅದನ್ನು ಕಾಟ ಅಂತ ಕರೆಯುವವರು ಆ ಇತಿಹಾಸ ಓದಬೇಕು. ಹಾಗೆಯೇ, ಫೈಬರ್ ಮುಟ್ಟದ ಹಳ್ಳಿಯ ಕ್ಲಿನಿಕ್‌ಗೆ, ಜಮೀನಿಗೆ, ಗಣಿಗೆ ಇನ್ನೆಷ್ಟು ವರ್ಷ ಕಾಯಿರಿ ಅಂತ ಹೇಳುವುದು ಎಂಬುದಕ್ಕೂ ಯಾರಾದರೂ ಉತ್ತರ ಕೊಡಬೇಕು.

ಕಾಯದವರು ದಾರಿ ಹುಡುಕಿಕೊಂಡಿದ್ದಾರೆ. ಬೇರೆ ದೇಶದಲ್ಲಿ ನೋಂದಾಯಿಸಿದ ಡಿಶ್ ತರಿಸಿ ರೋಮಿಂಗ್‌ನಲ್ಲಿ ನಡೆಸುತ್ತಿದ್ದಾರೆ. ಲೈಸೆನ್ಸ್ ಇಲ್ಲದೆ ಇದು ಕಾನೂನಿಗೆ ವಿರುದ್ಧ ಎಂದು ನಿಯಂತ್ರಣ ಸಂಸ್ಥೆ ಇಕಾಸಾ 2023ರ ನವೆಂಬರ್‌ನಲ್ಲಿ ಎಚ್ಚರಿಸಿತು. ಮಿಡ್ರ್ಯಾಂಡ್‌ನಲ್ಲಿ ನನ್ನ ಜೊತೆಗಿದ್ದವರೊಬ್ಬರು ಈಗ ಊರಾಚೆ ಜಮೀನು ಮಾಡುತ್ತಿದ್ದಾರೆ. ಕೊಟ್ಟಿಗೆಯ ತಗಡಿನ ಮೇಲೆ ಕೂರಿಸಿದ ಬಿಳಿ ಡಿಶ್‌ನ ಫೋಟೋ ಕಳಿಸಿದ್ದರು. ಅದರ ಕಂಬಕ್ಕೆ ಬಿಳಿ ಟೇಪ್ ಸುತ್ತಿ, ಪ್ಲಾನ್ ಯಾವ ತಾರೀಕಿಗೆ ಮುಗಿಯುತ್ತದೆ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದರು.