ಬೇಕಲ ಕೋಟೆ ಪೋರ್ಚುಗೀಸರದ್ದಾ?

ಪ್ರಶ್ನೆ: ನಾವು ಸಾಗರದವರು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕಾಸರಗೋಡಿನ ಹತ್ತಿರದ ಬೇಕಲ ಕೋಟೆಗೆ ಹೋಗಬೇಕು ಅಂತಿದ್ದೇವೆ. ಅದು ಪೋರ್ಚುಗೀಸರು ಕಟ್ಟಿದ್ದಾ? ಒಳಗೆ ನೋಡೋಕೆ ಏನಿದೆ?

ಉತ್ತರ: ಪೋರ್ಚುಗೀಸರದ್ದಲ್ಲ, ನಿಮ್ಮ ಪಕ್ಕದೂರಿನವರದ್ದು! ಕೆಳದಿ ಮನೆತನದ ಶಿವಪ್ಪ ನಾಯಕ ಸುಮಾರು 1650ರಲ್ಲಿ ಇದನ್ನು ಕಟ್ಟಿಸಿದ ಎಂದೇ ಹೆಚ್ಚಿನವರು ಹೇಳುವುದು.

ಬಿದನೂರಿನಲ್ಲಿ ಕೂತು ಆಳುವ ದೊರೆಗೆ ಅಷ್ಟು ದೂರದ ಕಡಲು ಯಾಕೆ ಬೇಕಿತ್ತು? ಕಾಳುಮೆಣಸಿಗಾಗಿ. ಮಲೆನಾಡಿನ ಮೆಣಸು, ಕರಾವಳಿಯ ಅಕ್ಕಿ ಎರಡೂ ಹಡಗು ಹತ್ತುತ್ತಿದ್ದದ್ದು ಹೊನ್ನಾವರ, ಬಸರೂರು, ಮಂಗಳೂರಿನ ಬಂದರುಗಳಲ್ಲಿ. ಆ ಮೂರೂ ಕಡೆ ಪೋರ್ಚುಗೀಸರು ಕೋಟೆ ಕಟ್ಟಿಕೊಂಡು ಕೂತಿದ್ದರು. ಬೆಳೆ ನಮ್ಮದು, ಬಂದರು ಅವರ ಕೈಯಲ್ಲಿ. ಶಿವಪ್ಪ ನಾಯಕ ಅವರನ್ನು ಅಲ್ಲಿಂದ ಎಬ್ಬಿಸಿದ. ದಕ್ಷಿಣದ ಕಡೆ ಕಾವಲಿಗೆ ಚಂದ್ರಗಿರಿ, ಬೇಕಲದಂಥ ಕೋಟೆಗಳು ಎದ್ದವು. ಬೇಕಲದ ಆಚೆ ಕಾಞಂಗಾಡಿನಲ್ಲಿರುವ ಇನ್ನೊಂದು ಕೋಟೆಗೆ ಇವತ್ತಿಗೂ ಹೊಸದುರ್ಗ ಅಂತಲೇ ಹೆಸರು. ಕನ್ನಡದ್ದೇ ಹೆಸರು, ಅಲ್ವಾ?

ಒಳಗೆ ಅರಮನೆ ಹುಡುಕಬೇಡಿ, ಇಲ್ಲ. ಸುಮಾರು 40 ಎಕರೆ ಬಯಲು, ಸುತ್ತ ಗೋಡೆ. ಇದು ಕಾವಲಿಗೆಂದೇ ಕಟ್ಟಿದ ಕೋಟೆ. ಗೋಡೆಯ ಕಲ್ಲನ್ನು ಮುಟ್ಟಿ ನೋಡಿ, ನಿಮ್ಮ ಊರಿನ ಹಳೇ ಮನೆಗಳದ್ದೇ ಜಂಬಿಟ್ಟಿಗೆ. ಬಾಗಿಲಲ್ಲೇ ಆಂಜನೇಯನ ಗುಡಿ ಸಿಗುತ್ತದೆ. ಮೆಟ್ಟಿಲಿರುವ ಕೊಳ, ಇಳಿಜಾರು ದಾರಿಯಲ್ಲಿ ಹತ್ತುವ ಕಾವಲು ಬುರುಜು ಇವೆ. ಆದರೆ ಮಕ್ಕಳಿಗೆ ಮೊದಲು ತೋರಿಸಬೇಕಾದ್ದು ಕಡಲ ಕಡೆಯ ಗೋಡೆಯ ಕಿಂಡಿಗಳು. ಮೇಲಿನ ಕಿಂಡಿಯಿಂದ ದೂರದ ಹಡಗಿಗೆ ಗುರಿ. ಅದರ ಕೆಳಗಿನದು ಹತ್ತಿರ ಬಂದವರಿಗೆ. ಎಲ್ಲಕ್ಕಿಂತ ಕೆಳಗಿನದು ಗೋಡೆ ಬುಡಕ್ಕೇ ಬಂದವರಿಗೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಲಿ, ಬಾಯಲ್ಲಿ ಹೇಳುವುದೇ ಬೇಕಾಗುವುದಿಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಬೇಕಲವೂ ಅವನ ಕೈ ಸೇರಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರದಾಯಿತು. 1956ರಲ್ಲಿ ಕೇರಳಕ್ಕೆ ಹೋಯಿತು.

ನನ್ನನ್ನು ಕೇಳಿದರೆ ಸೀದಾ ಬೇಕಲಕ್ಕೆ ಹೋಗಬೇಡಿ. ಮೊದಲು ಹೊಸನಗರ ತಾಲ್ಲೂಕಿನ ನಗರದ ಕೋಟೆ ಹತ್ತಿ. ಹಳೇ ಬಿದನೂರು ಅದೇ. ಆಮೇಲೆ ಹುಲಿಕಲ್ ಘಾಟಿ ಇಳಿದು, ಕುಂದಾಪುರದಿಂದ ಹೆದ್ದಾರಿ ಹಿಡಿದು ರಾತ್ರಿ ಮಂಗಳೂರಿನಲ್ಲಿ ಉಳಿಯಿರಿ. ಮೆಣಸಿನ ಮೂಟೆಗಳೂ ಹೀಗೇ ಘಟ್ಟ ಇಳಿಯುತ್ತಿದ್ದವು ಅಂತ ದಾರಿಯಲ್ಲೇ ಮಕ್ಕಳಿಗೆ ಹೇಳಬಹುದು. ಬೆಳಿಗ್ಗೆ ಬೇಗ ಬೇಕಲ ಸೇರಿ, ಒಳಗೆ ನೆರಳು ಕಡಿಮೆ. ಮಳೆಗಾಲದಲ್ಲಿ ಜಂಬಿಟ್ಟಿಗೆ ಮೇಲೆ ಹಾವಸೆ ಕಟ್ಟಿ ಕಾಲು ಜಾರುತ್ತದೆ, ಹಾಗಾಗಿ ದಸರಾ ರಜೆಯೇ ಒಳ್ಳೆಯದು.