ಆಂಟಿಸೋಷಿಯಲ್ ಅನ್ನೋ ಪದ ದಯವಿಟ್ಟು ಬಿಡಿ

ಮಂಡ್ಯ ಕಡೆಯ ಒಬ್ಬ ತಾಯಿ ಮಗನ್ನ ಕರ್ಕೊಂಡು ನಮ್ಮ ಮೈಸೂರಿನ ಕ್ಲಿನಿಕ್ಕಿಗೆ ಬಂದಿದ್ರು (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದೀನಿ), ಕೂರೋಕೂ ಮುಂಚೆ "ಡಾಕ್ಟ್ರೇ, ಇವ್ನು ಪೂರ್ತಿ ಆಂಟಿಸೋಷಿಯಲ್ ಆಗ್ಬುಟ್ಟವ್ನೆ" ಅಂದ್ರು. ಹುಡುಗನಿಗೆ 16 ವರ್ಷ, ಬಸ್ ಟಿಕೆಟ್ಟನ್ನ ಸಣ್ಣಗೆ ಮಡಚ್ತಾ ತಲೆ ತಗ್ಗಿಸ್ಕೊಂಡು ಕೂತಿದ್ದ. ಏನಪ್ಪಾ ತಪ್ಪು ಅಂದ್ರೆ ಮದುವೆಮನೆಗೆ ಬರಲ್ಲ, ನೆಂಟ್ರು ಬಂದ್ರೆ ರೂಮಿಂದ ಆಚೆ ಬರಲ್ಲ, ಸಾಯಂಕಾಲ ಒಬ್ನೇ ನಾಲೆ ಏರಿ ಮೇಲೆ ಹೋಗ್ತಾನೆ. ಅಷ್ಟೇ.

ಈ ಪದ ಕೇಳಿ ಕೇಳಿ ನನಗೆ ಸಂಕಟ ಆಗುತ್ತೆ. ಪೇಪರಲ್ಲಿ 'ಸಮಾಜಘಾತುಕ ಶಕ್ತಿಗಳು' ಅಂತ ಬರೀತಾರಲ್ಲ, ಆಂಟಿಸೋಷಿಯಲ್ ಅಂದ್ರೆ ಅದು, ಹೆತ್ತ ಮಗನಿಗೆ ನೀವು ಅಂತಿರೋದು ಅದನ್ನ! ನಮ್ಮ ಮನೋವೈದ್ಯಶಾಸ್ತ್ರದಲ್ಲೂ ಹೆಚ್ಚುಕಮ್ಮಿ ಅದೇ ಅರ್ಥ, ಮತ್ತೆ ಮತ್ತೆ ಮೋಸ ಮಾಡೋದು, ಇನ್ನೊಬ್ಬರಿಗೆ ಹಾನಿ ಮಾಡಿಯೂ ಪಶ್ಚಾತ್ತಾಪ ಇಲ್ದೇ ಇರೋದು. 18 ತುಂಬೋವರೆಗೂ ಆ ಡಯಾಗ್ನೋಸಿಸ್ ಕೊಡೋ ಹಾಗೇ ಇಲ್ಲ, ಆಮೇಲೆ ಕೊಡೋದಾದ್ರೂ 15ರ ಒಳಗೇ ಲಕ್ಷಣ ಶುರುವಾಗಿರ್ಬೇಕು. ಅಂಥವರಲ್ಲಿ ಎಷ್ಟೋ ಜನ ಮಾತಲ್ಲೇ ಮೋಡಿ ಮಾಡ್ತಾರೆ, ಮಾತು ಕಮ್ಮಿ ಇರೋದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ.

ನಮ್ಮಜ್ಜಿ ಈ ಹುಡುಗನಂಥೋರಿಗೆ 'ತನ್ನ ಪಾಡಿಗೆ ತಾನಿರೋ ಮನುಷ್ಯ' ಅಂತಿದ್ರು, ಆ ಮಾತಲ್ಲಿ ಗೌರವ ಇತ್ತು. ನಾಗರಹೊಳೆ ಕಡೆ ಒಂಟಿ ಸಲಗ ಅಂದ ತಕ್ಷಣ ಪುಂಡಾನೆ ಅಂದ್ಕೋತೀವಿ, ಆದ್ರೆ ಗಂಡಾನೆ ವಯಸ್ಸಿಗೆ ಬಂದ್ಮೇಲೆ ಹುಟ್ಟಿದ ಹಿಂಡು ಬಿಟ್ಟು ಹೋಗೋದು ಅದರ ಸ್ವಭಾವ.

ಒಂಟಿತನ ಬೇರೆ, ಏಕಾಂತ ಬೇರೆ. ಜನ ಬೇಕು ಅನ್ಸಿದ್ರೂ ಯಾರೂ ಸಿಗ್ದೇ ಒಳಗೊಳಗೇ ನೋಯೋದು ಒಂಟಿತನ, ಏಕಾಂತ ತಾನೇ ಬೇಕು ಅಂತ ಆರಿಸ್ಕೊಂಡಿದ್ದು. ಹೊರಗಿಂದ ಎರಡೂ ಒಂದೇ ಥರ ಕಾಣ್ಸುತ್ತೆ, ಅದಕ್ಕೇ ಹಣೆಪಟ್ಟಿ ಹಚ್ಚೋ ಮುಂಚೆ ಮಗೂನ ಕೇಳಿ ಅನ್ನೋದು. ಹಾಗಂತ ಇದನ್ನ ಓದಿ ನೀವೇ ತೀರ್ಮಾನಾನೂ ಮಾಡ್ಬೇಡಿ, ಗೆಳೆಯರ ಜೊತೆ ಚೆನ್ನಾಗಿದ್ದ ಹುಡುಗ ಇದ್ದಕ್ಕಿದ್ದಂಗೆ ದೂರ ಆದ್ರೆ, ನಿದ್ದೆ ಊಟ ಕೆಟ್ರೆ, ಸ್ನಾನ ಬಿಟ್ರೆ, ಬದುಕೋದೇ ಬೇಡ ಅನ್ನೋ ಮಾತು ಬಾಯಲ್ಲಿ ಬಂದ್ರೆ ಒಂದು ದಿನಾನೂ ತಡ ಮಾಡ್ದೆ ಕರ್ಕೊಂಡು ಬನ್ನಿ.

ತಾಯಿನ ಹೊರಗೆ ಕೂರಿಸಿ "ನಾಲೆ ಹತ್ರ ಏನ್ ನೋಡ್ತೀಯಪ್ಪ?" ಅಂದೆ. ಗೀಜಗನ ಗೂಡು ಅಂದ. ಗಂಡು ಅರ್ಧ ಗೂಡು ಹೆಣೆದು ಕಾಯುತ್ತೆ, ಹೆಣ್ಣು ಬಂದು ನೋಡಿ ಒಪ್ಪಿದ್ರೆ ಮಾತ್ರ ಮುಗಿಸುತ್ತೆ, ಇಲ್ಲಾಂದ್ರೆ ಇನ್ನೊಂದು ಶುರು ಮಾಡುತ್ತೆ ಅಂತ ಇಪ್ಪತ್ತು ನಿಮಿಷ ಬಿಡದೆ ಹೇಳ್ದ, ಬಸ್ ಟಿಕೆಟ್ ಮೇಜಿನ ಮೇಲೇ ಬಿದ್ದಿತ್ತು.