ವರನ ಕೋಟಿನಲ್ಲಿ ಟೈಲ್ಸ್

ಮದುವೆ ಫೋಟೊಗ್ರಫಿಗೆ ಇಳಿದ ಹೊಸದರಲ್ಲಿ, ಒಂದು ರಿಸೆಪ್ಷನ್‌ನಲ್ಲಿ ಜನ ಮುಗಿಯುವ ಮೊದಲೇ ನನ್ನ ಮೆಮೊರಿ ಕಾರ್ಡ್ ತುಂಬುತ್ತಾ ಬಂತು. ಇನ್ನೊಂದು ಕಾರ್ಡ್ ತಂದಿರಲಿಲ್ಲ. ಮೆನುವಿಗೆ ಹೋಗಿ ಜೆಪೆಗ್ (ಫೋಟೊವನ್ನು ಕುಗ್ಗಿಸಿ ಇಡುವ ಫೈಲ್) ಕ್ವಾಲಿಟಿಯನ್ನು ‘ಫೈನ್’ನಿಂದ ‘ಬೇಸಿಕ್’ಗೆ ಇಳಿಸಿದೆ. ಒಂದು ಫೋಟೊಗೆ 12 ಎಂಬಿ ಹಿಡಿಯುತ್ತಿದ್ದದ್ದು 3 ಎಂಬಿಗೆ ಬಂತು. ಕ್ಯಾಮೆರಾ ಸ್ಕ್ರೀನ್‌ನಲ್ಲಿ ನೋಡಿದರೆ ಒಂಚೂರೂ ವ್ಯತ್ಯಾಸವಿಲ್ಲ. ಸದ್ಯ, ಬಚಾವಾದೆ ಅಂದುಕೊಂಡೆ.

ಆಲ್ಬಂ ಮಾಡಲು ಕೂತಾಗ ಗೊತ್ತಾಯಿತು. ವರ ಕಪ್ಪು ಕೋಟು ಹಾಕಿದ್ದರು, ಫೋಟೊ ತುಸು ಡಾರ್ಕ್ ಬಂದಿತ್ತು. ಶ್ಯಾಡೋ ಭಾಗವನ್ನು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕಿಗೆ, ಎತ್ತಿದೆ. ಬಟ್ಟೆಯ ನೇಯ್ಗೆ ಕಾಣಬೇಕಾದ ಕಡೆ ಬಚ್ಚಲುಮನೆಯ ಟೈಲ್ಸ್ ಕಾಣಿಸಿತು. ಕೋಟಿನ ತುಂಬಾ ಸಣ್ಣ ಸಣ್ಣ ಚೌಕ. ವಧುವಿನ ಜಡೆಯ ಮಲ್ಲಿಗೆ ಹೂವಿನ ಸುತ್ತ ಸೊಳ್ಳೆ ಮುತ್ತಿದ ಹಾಗೆ ಕಲೆಗಳು. ಆ ಕಲೆಗಳನ್ನು ಇಂಗ್ಲಿಷ್‌ನಲ್ಲೂ ‘ಮಸ್ಕಿಟೊ ನಾಯ್ಸ್’ ಎಂದೇ ಕರೆಯುತ್ತಾರೆ ಅಂತ ಆಮೇಲೆ ತಿಳಿಯಿತು.

ಈ ಚೌಕಗಳು ಎಡಿಟ್ ಮಾಡಿದ್ದರಿಂದ ಹುಟ್ಟಿದ್ದಲ್ಲ. ಕ್ಲಿಕ್ ಮಾಡಿದ ಕ್ಷಣದಲ್ಲೇ ಅಲ್ಲಿದ್ದವು. ಕತ್ತಲಲ್ಲಿ ಕೂತಿದ್ದವು ಅಷ್ಟೆ, ನಾನು ಲೈಟ್ ಹಾಕಿದೆ. ಮನುಷ್ಯನ ಕಣ್ಣಿಗೆ ಏನು ಕಾಣುವುದಿಲ್ಲವೋ ಅದನ್ನು ಹುಡುಕಿ ಬಿಸಾಡುವುದು ಜೆಪೆಗ್‌ನ ಕೆಲಸ. ಕಾಣದೇ ಇದ್ದದ್ದನ್ನು ಕಾಣಿಸುವುದು ಎಡಿಟಿಂಗ್‌ನ ಕೆಲಸ. ಜಗಳ ಇರುವುದು ಇಲ್ಲೇ.

ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಫೋಟೊದಲ್ಲಿ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ 3 ಬೈಟ್ ಬೇಕು. ಒಟ್ಟು 72 ಎಂಬಿ. ಅದನ್ನು 3 ಎಂಬಿಗೆ ಇಳಿಸಬೇಕಾದರೆ ಏನನ್ನಾದರೂ ಎಸೆಯಲೇಬೇಕು, ಅಲ್ವಾ? ಜೆಪೆಗ್ ಚಿತ್ರವನ್ನು ಉದ್ದಕ್ಕೆ 8, ಅಗಲಕ್ಕೆ 8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದ 64 ಪಿಕ್ಸೆಲ್‌ಗಳನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಚೌಕದ ಸರಾಸರಿ ಬೆಳಕು. ಮಿಕ್ಕವು ನಿಧಾನದ ಏರಿಳಿತದಿಂದ ಹಿಡಿದು ಕೂದಲೆಳೆಯಂಥ ಸೂಕ್ಷ್ಮದವರೆಗೆ. ಇಲ್ಲಿಯವರೆಗೆ ನಷ್ಟ ಇಲ್ಲವೆಂದೇ ಹೇಳಬಹುದು. ಆಮೇಲೆ ಪ್ರತಿ ಸಂಖ್ಯೆಯನ್ನೂ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ಕೂರಿಸುತ್ತದೆ. ಭಾಜಕ 10 ಅಂತಿಟ್ಟುಕೊಳ್ಳಿ. 37 ಎಂಬುದು 4 ಆಗುತ್ತದೆ, ಫೈಲ್ ತೆರೆದಾಗ 40 ಆಗಿ ವಾಪಸು ಬರುತ್ತದೆ. 3 ಎಂಬುದು 0 ಆಗುತ್ತದೆ. ಅದು ಹೋಯಿತು, ಮತ್ತೆ ಬರುವುದಿಲ್ಲ. ಕ್ವಾಲಿಟಿ ಸ್ಲೈಡರ್ ಎಳೆದಾಗ ನೀವು ಬದಲಿಸುವುದು ಈ ಭಾಜಕವನ್ನು. ಕಪ್ಪು ಕೋಟಿನ ನೇಯ್ಗೆ ಇಂಥ ಸಣ್ಣ ಸಂಖ್ಯೆಗಳಲ್ಲೇ ಇರುತ್ತದೆ. ಎಲ್ಲ ಸೊನ್ನೆಯಾದರೆ ಚೌಕದಲ್ಲಿ ಉಳಿಯುವುದು ಸರಾಸರಿ ಮಾತ್ರ. ಅದೇ ಟೈಲ್ಸ್.

64 ಪಿಕ್ಸೆಲ್‌ಗಳನ್ನು ಹೀಗೆ ಬದಲಿಸುವ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಅದನ್ನು ಕಂಡುಹಿಡಿದ ನಾಸಿರ್ ಅಹ್ಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಕೆ.ಆರ್. ಸರ್ಕಲ್‌ನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಸಂಶೋಧನೆಗೆ ಅನುದಾನ ಕೇಳಿದಾಗ ಸಿಗಲಿಲ್ಲ. ಇದು ತೀರಾ ಸರಳ ಎಂದು ಪರಿಶೀಲಕರೊಬ್ಬರಿಗೆ ಅನಿಸಿತ್ತಂತೆ. 1974ರಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಅವರ ಪ್ರಬಂಧ ಪ್ರಕಟವಾಯಿತು. 1992ರ ಜೆಪೆಗ್ ಸ್ಟ್ಯಾಂಡರ್ಡ್ ನಿಂತಿರುವುದು ಅದರ ಮೇಲೆ. ಯುವಿಸಿಇ ಮುಂದೆ ಸೆಲ್ಫಿ ತೆಗೆಯುವ ಹುಡುಗರಿಗೆ ಇದನ್ನು ಹೇಳಬೇಕು ಅಂತ ನನಗೆ ಆಸೆ.

ಬಣ್ಣದ ವಿಷಯ ಇನ್ನೊಂದು. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಚುರುಕಾಗಿ ಬಣ್ಣದ್ದನ್ನು ಹಿಡಿಯುವುದಿಲ್ಲ. ಹಾಗಾಗಿ ಮೊಬೈಲ್ ಜೆಪೆಗ್‌ಗಳಲ್ಲಿ ಸಾಮಾನ್ಯವಾಗಿ 4 ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇರುತ್ತದೆ. ನೋಡಲು ತೊಂದರೆಯಿಲ್ಲ. ಆದರೆ ಸೀರೆಯ ಬಣ್ಣ ಬದಲಿಸಿ, ಹಿಂದಿನ ಪರದೆ ತೆಗೆದುಹಾಕಿ ಎಂದು ಕೇಳುವವರು ಬರುತ್ತಾರಲ್ಲ, ಆಗ ಅಂಚು ಮೆತ್ತಗಾಗಿ ಸೆಲೆಕ್ಷನ್ ಸರಿಯಾಗಿ ಕೂರುವುದಿಲ್ಲ.

ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. ಕ್ಯಾಮೆರಾ ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ 14 ಬಿಟ್ ರಾ ಫೈಲಿನಲ್ಲಿ 16,384. ರಾ ಅಂದರೆ ಅಕ್ಕಿ, ಜೆಪೆಗ್ ಅಂದರೆ ಅನ್ನ ಎನ್ನುತ್ತೇನೆ ನಾನು. ಅನ್ನದಲ್ಲಿ ಚಿತ್ರಾನ್ನ ಮಾಡಬಹುದು, ಪುಳಿಯೋಗರೆ ಮಾಡಬಹುದು. ದೋಸೆ ಹೊಯ್ಯುವುದು ಕಷ್ಟ. ಹಿಟ್ಟಿಗೆ ಒಂದು ಹಿಡಿ ಅನ್ನ ಹಾಕುತ್ತಾರಲ್ಲ ಅಂತ ನನ್ನ ಹೆಂಡತಿ ತಕರಾರು ತೆಗೆದಿದ್ದಾಳೆ, ಅದು ಬೇರೆ ಮಾತು.

ಸ್ಟುಡಿಯೊಗೆ ಬರುವವರಲ್ಲಿ ಒಂದು ಹೆದರಿಕೆ ಜಾಸ್ತಿ. ಫೋಟೊ ತೆರೆದು ನೋಡಿದಷ್ಟೂ ಕೆಡುತ್ತದೆ ಅಂತ. ಹಾಗೇನಿಲ್ಲ. ಸಾವಿರ ಸಲ ನೋಡಿ, ಕಾಪಿ ಮಾಡಿ, ಏನೂ ಆಗದು. ಎಡಿಟ್ ಮಾಡಿ ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದಾಗ ಮಾತ್ರ ಪೆಟ್ಟು. ಏನನ್ನೂ ಬದಲಿಸದೆ ಅದೇ ಕ್ವಾಲಿಟಿಯಲ್ಲಿ ಸೇವ್ ಮಾಡುತ್ತಾ ಹೋದರೆ ನಷ್ಟ ಬಹುಪಾಲು ಮೊದಲ ಕೆಲವು ಸಲಕ್ಕೇ ನಿಲ್ಲುತ್ತದೆ. ಆದರೆ ಎಡಗಡೆಯಿಂದ 3 ಪಿಕ್ಸೆಲ್ ಕ್ರಾಪ್ ಮಾಡಿ ನೋಡಿ. ಹೊಸ ಚೌಕಗಳು ಹಳೆಯ ಚೌಕಗಳ ಮೇಲೆ ಅಡ್ಡಾದಿಡ್ಡಿ ಬೀಳುತ್ತವೆ, ಹಳೆಯ ಗಡಿ ಹೊಸ ಚೌಕದೊಳಗಿನ ಗೆರೆಯಾಗುತ್ತದೆ. ಇಂದು ಕ್ರಾಪ್, ನಾಳೆ ಬ್ರೈಟ್‌ನೆಸ್, ನಾಡಿದ್ದು ಸೈಜ್ ಅಂತ ಮಾಡಿ, ಪ್ರತಿ ಸಲವೂ ಸೇವ್ ಮಾಡಿದ ಫೋಟೊವನ್ನು ನೋಡಿದ ತಕ್ಷಣ ಗುರುತು ಹಿಡಿಯಬಹುದು.

ಇನ್ನು, ಚಿಕ್ಕ ಜೆಪೆಗ್ ತೆರೆದು ಫೋಟೊಶಾಪ್‌ನ ಅತಿ ಹೆಚ್ಚಿನ ಕ್ವಾಲಿಟಿ 12ರಲ್ಲಿ ಸೇವ್ ಮಾಡುವುದು, ಪಿಎನ್‌ಜಿ ಮಾಡುವುದು. ಸುಮ್ನೆ ಡಿಸ್ಕ್ ತುಂಬುತ್ತದೆ. ಸೊನ್ನೆಯಾದದ್ದು ಸೊನ್ನೆಯೇ.

ಈಗ ನಾನು ರಾನಲ್ಲೇ ತೆಗೆಯುತ್ತೇನೆ. 16 ಬಿಟ್‌ನಲ್ಲಿ ಎಡಿಟ್ ಮಾಡಿ ಸೇವ್ ಮಾಡಿದರೂ ನಷ್ಟವಾಗದ ಟಿಫ್ ಅಥವಾ ಪಿಎಸ್‌ಡಿ ಫೈಲನ್ನು ಮಾಸ್ಟರ್ ಆಗಿ ಇಟ್ಟುಕೊಳ್ಳುತ್ತೇನೆ. ಪ್ರಿಂಟಿಗೆ, ಮೊಬೈಲಿಗೆ ಬೇಕಾದ ಜೆಪೆಗ್‌ಗಳನ್ನು ಪ್ರತಿ ಸಲ ಆ ಮಾಸ್ಟರ್‌ನಿಂದಲೇ ತೆಗೆಯುತ್ತೇನೆ. ಗ್ರಾಹಕರೇ ಫೋಟೊ ಕಳಿಸುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ ಅನ್ನುತ್ತೇನೆ, ಆಗ ಫೈಲ್ ಇದ್ದ ಹಾಗೇ ಬರುತ್ತದೆ.

ಕೈಯಲ್ಲಿ ಕೆಟ್ಟ ಜೆಪೆಗ್ ಒಂದೇ ಇದ್ದರೆ? ಮೊದಲು 16 ಬಿಟ್‌ಗೆ ಬದಲಿಸುತ್ತೇನೆ. ಹೋದದ್ದು ಬರುವುದಿಲ್ಲ, ಆದರೆ ನನ್ನ ಕೆಲಸದಿಂದ ಬಣ್ಣದಲ್ಲಿ ಹೊಸ ಪಟ್ಟೆಗಳು ಬೀಳುವುದು ಕಡಿಮೆಯಾಗುತ್ತದೆ. ಶಾರ್ಪನ್ ಮಾತ್ರ ಮುಟ್ಟುವುದಿಲ್ಲ, ಮುಟ್ಟಿದರೆ ಮೊದಲು ಶಾರ್ಪ್ ಆಗುವುದು ಚೌಕಗಳೇ. ಕತ್ತಲನ್ನು ಕತ್ತಲಾಗಿಯೇ ಬಿಟ್ಟು, ಕೊನೆಗೆ ಚಿಟಿಕೆ ಗ್ರೇನ್, ಅಂದರೆ ಹಳೆಯ ಫಿಲ್ಮ್‌ನಂಥ ಸಣ್ಣ ಚುಕ್ಕೆ, ಉದುರಿಸುತ್ತೇನೆ. ಆ ಒರಟುತನದಲ್ಲಿ ಚೌಕದ ಗಡಿಗಳು ಕರಗುತ್ತವೆ.

ಆ ವರನ ಕೋಟಿಗೂ ಹಾಗೇ ಮಾಡಿದೆ. ಎರಡು ಪುಟ ತುಂಬಾ ಹರಡಬೇಕಿದ್ದ ಫೋಟೊವನ್ನು ಅಂಗೈ ಅಗಲಕ್ಕೆ ಕೂರಿಸಿದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.